ಓದುಗರ ಪ್ರಶ್ನೆಗಳು: ಬನ್ಸಿ ಚಂದ್ರಗುಪ್ತ ಮತ್ತು ಸೆಟ್ ಕಟ್ಟುವ ಕಲೆ

ಕಳೆದ ಸಂಚಿಕೆಯಲ್ಲಿ ಸತ್ಯಜಿತ್ ರೇ ಅವರ ತಂತ್ರಜ್ಞರ ತಂಡವನ್ನು ಕುರಿತು ಬಂದ ಲೇಖನದಲ್ಲಿ ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತರ ಹೆಸರು ಒಂದೇ ವಾಕ್ಯದಲ್ಲಿ ಬಂದುಹೋಗಿತ್ತು. ಆ ವಾಕ್ಯವನ್ನು ಹಿಡಿದು ಹಲವು ಓದುಗರು ಪತ್ರ ಬರೆದಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಅವರ ವೃತ್ತಿಜೀವನಕ್ಕೂ ಅವರು ಮಾಡಿದ ಕೆಲಸದ ಸ್ವರೂಪಕ್ಕೂ ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಬನ್ಸಿ ಚಂದ್ರಗುಪ್ತ ಬಂಗಾಳದವರಲ್ಲ ಎಂದು ಕೇಳಿದ್ದೇನೆ. ಹಾಗಿದ್ದರೆ ಬಂಗಾಳದ ಬಡ ಮನೆಯನ್ನೂ ಜಮೀನ್ದಾರರ ಬಂಗಲೆಯನ್ನೂ ಅಷ್ಟು ನಿಜವೆನ್ನಿಸುವಂತೆ ಅವರು ಹೇಗೆ ಕಟ್ಟಿದರು? (ಓದುಗರು, ಶಿವಮೊಗ್ಗ)

ಉತ್ತರ: ನೀವು ಕೇಳಿರುವುದು ನಿಜ. ಅವರು 1924ರಲ್ಲಿ ಸಿಯಾಲ್‌ಕೋಟ್‌ನಲ್ಲಿ ಹುಟ್ಟಿ, ಶ್ರೀನಗರದಲ್ಲಿ ಬೆಳೆದ ಕಾಶ್ಮೀರಿ. ಚಿತ್ರಕಾರನಾಗಬೇಕೆಂಬ ಆಸೆ ಅವರಿಗೆ ಎಳವೆಯಿಂದಲೇ ಇತ್ತು. ರವೀಂದ್ರನಾಥ ಟಾಗೋರರ ಮನೆತನದ ಚಿತ್ರಕಾರ ಶುಭೋ ಟಾಗೋರರ ಪರಿಚಯವಾದದ್ದು ಕಾಶ್ಮೀರದಲ್ಲಿ. ಅವರ ಪ್ರೋತ್ಸಾಹದಿಂದ ಬನ್ಸಿ 1940ರ ದಶಕದಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿ ಬಣ್ಣ, ಕುಂಚಗಳ ಜೊತೆಗೇ ಸಿನಿಮಾ ಸ್ಟುಡಿಯೊಗಳ ಕಲಾವಿಭಾಗದ ಕೆಲಸವೂ ಅವರನ್ನು ಸೆಳೆಯಿತು. ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಗಾರರಾಗಿದ್ದ ಸತ್ಯಜಿತ್ ರೇ, ವಿಮರ್ಶಕ ಚಿದಾನಂದ ದಾಸ್‌ಗುಪ್ತ ಮತ್ತು ಇತರ ಗೆಳೆಯರು ಸೇರಿ 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಆರಂಭಿಸಿದಾಗ ಆ ಗುಂಪಿನಲ್ಲಿ ಬನ್ಸಿಯವರೂ ಇದ್ದರು. ಹೊರದೇಶಗಳ ಒಳ್ಳೆಯ ಚಿತ್ರಗಳನ್ನು ತರಿಸಿ ನೋಡಿ, ಅವುಗಳ ಒಂದೊಂದು ಅಂಗವನ್ನೂ ಬಿಡಿಸಿ ಚರ್ಚಿಸುತ್ತಿದ್ದ ಕೂಟ ಅದು.

ಅವರ ವೃತ್ತಿಗೆ ತಿರುವು ಕೊಟ್ಟವರು ಫ್ರಾನ್ಸಿನ ನಿರ್ದೇಶಕ ಝಾನ್ ರೆನ್ವಾರ್. 'ದಿ ರಿವರ್' ಚಿತ್ರಕ್ಕಾಗಿ ರೆನ್ವಾರ್ 1949ರಲ್ಲಿ ಕಲ್ಕತ್ತೆಗೆ ಬಂದರು. ಅವರೊಂದಿಗೆ ವಿನ್ಯಾಸಕ ಯೂಜೀನ್ ಲೂರಿಯೇ ಕೂಡ ಬಂದಿದ್ದರು. ರೆನ್ವಾರರ 1930ರ ದಶಕದ ದೊಡ್ಡ ಚಿತ್ರಗಳಿಗೆ ಕೆಲಸ ಮಾಡಿದ್ದ ಲೂರಿಯೇ ಅವರ ಕೈಕೆಳಗೆ ಬನ್ಸಿ ದುಡಿದರು. ಆ ಕಾಲದ ಸ್ಟುಡಿಯೊಗಳಲ್ಲಿ ಬಣ್ಣ ಬಳಿದ ಪರದೆ, ಹೊಚ್ಚ ಹೊಸ ಗೋಡೆ, ಯಾರೂ ಕುಳಿತೆದ್ದ ಗುರುತಿಲ್ಲದ ಕುರ್ಚಿಗಳೇ ರೂಢಿಯಾಗಿದ್ದವು. ಮೊದಲು ಸ್ಥಳವನ್ನು ನೋಡಬೇಕು, ಜನ ಅಲ್ಲಿ ಹೇಗೆ ಬದುಕುತ್ತಾರೆಂದು ತಿಳಿಯಬೇಕು, ಆಮೇಲೆ ಪೆನ್ಸಿಲು ಹಿಡಿಯಬೇಕು ಎನ್ನುವ ಕ್ರಮವನ್ನು ಆ ತರುಣ ಹತ್ತಿರದಿಂದ ಕಂಡದ್ದು ಇಲ್ಲಿಯೇ.

ಹೊರಗಿನಿಂದ ಬಂದದ್ದು ಬನ್ಸಿಯವರಿಗೆ ಅಡ್ಡಿಯಾಗಲಿಲ್ಲ, ಅನುಕೂಲವೇ ಆಯಿತು ಎಂಬುದು ನನ್ನ ಅಭಿಪ್ರಾಯ. ಹುಟ್ಟಿ ಬೆಳೆದ ಮನೆಯಲ್ಲಿ ದೀಪದ ಮಸಿ ಯಾವ ಗೂಡಿನ ಮೇಲೆ ಹಿಡಿದಿದೆ, ಹೊಸ್ತಿಲಿನ ಯಾವ ಭಾಗ ಸವೆದಿದೆ ಎಂಬುದನ್ನು ನಾವು ಗಮನಿಸುವುದು ಅಪರೂಪ. ಹೊಸದಾಗಿ ಬಂದವರು ಅದನ್ನು ನೋಡುತ್ತಾರೆ, ಏಕೆ ಹೀಗಿದೆ ಎಂದು ಕೇಳುತ್ತಾರೆ.

ಪ್ರಶ್ನೆ: 'ಪಥೇರ್ ಪಾಂಚಾಲಿ'ಯನ್ನು ನಿಜವಾದ ಹಳ್ಳಿಯಲ್ಲಿ, ನಿಜವಾದ ಮನೆಯಲ್ಲಿ ಚಿತ್ರೀಕರಿಸಿದರಲ್ಲವೇ? ಅಂಥ ಚಿತ್ರದಲ್ಲಿ ಕಲಾನಿರ್ದೇಶಕನಿಗೆ ಕೆಲಸವೇನಿರುತ್ತದೆ? (ಓದುಗರು, ಹುಬ್ಬಳ್ಳಿ)

ಉತ್ತರ: ಈ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ, ಸಿನಿಮಾ ಬಲ್ಲವರೂ ಕೇಳುತ್ತಾರೆ. 1955ರಲ್ಲಿ ಬಿಡುಗಡೆಯಾದ ರೇ ಅವರ ಆ ಚಿತ್ರದ ಹಗಲಿನ ದೃಶ್ಯಗಳ ಮುಖ್ಯ ಸ್ಥಳ ಕಲ್ಕತ್ತೆಯ ಹತ್ತಿರದ ಬೋರಾಲ್ ಎಂಬ ಹಳ್ಳಿ. ಅಲ್ಲಿದ್ದ ಪಾಳುಬಿದ್ದ ಮನೆಯೊಂದು ಕಥೆಯ ಬಡ ಗೃಹಸ್ಥ ಹರಿಹರನ ಮನೆಯಾಯಿತು. ಆದರೆ ರಾತ್ರಿಯ ದೃಶ್ಯಗಳು ಸ್ಟುಡಿಯೊದಲ್ಲಿ ತಯಾರಾದವು. ಎಂದರೆ ಪ್ರೇಕ್ಷಕ ಒಂದೇ ಮನೆಯೆಂದು ನಂಬಿ ನೋಡುವ ಮನೆಯ ಒಂದು ಪಾಲು ಹಳ್ಳಿಯ ಇಟ್ಟಿಗೆ, ಇನ್ನೊಂದು ಪಾಲು ಸ್ಟುಡಿಯೊದ ಕಟ್ಟೋಣ. ಹಗಲಿನ ಗೋಡೆಯ ಬಿರುಕು ರಾತ್ರಿಯ ಗೋಡೆಯಲ್ಲಿಯೂ ಅದೇ ಜಾಗದಲ್ಲಿರಬೇಕು. ಜಗಲಿಯ ಎತ್ತರ, ಕಂಬದ ದಪ್ಪ, ಗಾರೆ ಉದುರಿದ ಬಗೆ, ಮಳೆನೀರಿನ ಕಲೆ, ಎಲ್ಲವೂ ಕೂಡಿಬರಬೇಕು. ಎರಡರ ನಡುವಿನ ಬೆಸುಗೆ ಇಂದಿಗೂ ಯಾರ ಕಣ್ಣಿಗೂ ಚುಚ್ಚುವುದಿಲ್ಲವೆಂದರೆ ಅದು ಬನ್ಸಿಯವರ ಕೈಚಳಕ.

ಪಾಳುಮನೆ ಸಿಕ್ಕಿಬಿಟ್ಟರೆ ಬಡವರ ಮನೆ ಸಿಕ್ಕಂತೆ ಎಂದು ಭಾವಿಸುವುದೂ ತಪ್ಪು. ಪಾಳುಮನೆಯಲ್ಲಿ ಯಾರೂ ವಾಸಿಸುವುದಿಲ್ಲ, ಬಡವರ ಮನೆಯಲ್ಲಿ ಜನ ವಾಸಿಸುತ್ತಾರೆ. ಒಲೆ ದಿನವೂ ಉರಿಯುತ್ತದೆ, ಅಂಗಳವನ್ನು ಗುಡಿಸುತ್ತಾರೆ, ಹರಿದ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸುತ್ತಾರೆ, ಮುದುಕಿ ಇಂದಿರಾ ತನ್ನ ಗಂಟನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುತ್ತಾಳೆ. ಹರಿಹರನ ಹೆಂಡತಿ ಸರ್ವಜಯಾಳ ಅಡುಗೆಯ ಜಾಗದಲ್ಲಿ ಕಾಣುವ ಪಾತ್ರೆಗಳ ಸಂಖ್ಯೆಯೇ ಆ ಮನೆಯ ಗಳಿಕೆ ಎಷ್ಟೆಂಬುದನ್ನು ತಿಳಿಸುತ್ತದೆ. ಯಾವ ಪಾತ್ರವೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಿದ್ದ ಗೋಡೆಯ ನಡುವೆ ಬದುಕನ್ನು ತಂದು ಕೂರಿಸುವುದು, ಆದರೆ ಅದು ಜೋಡಿಸಿಟ್ಟಂತೆ ಕಾಣದ ಹಾಗೆ ನೋಡಿಕೊಳ್ಳುವುದು ಸೆಟ್ ಅಲಂಕಾರದ ಅತಿ ಕಷ್ಟದ ಭಾಗ. ಅರಮನೆಯ ಸೆಟ್ ಹಾಕುವಾಗ ತಪ್ಪುಗಳನ್ನು ಝಗಮಗಿಸುವ ಬಣ್ಣದಲ್ಲಿ ಮರೆಸಬಹುದು. ಬಡತನದ ಸೆಟ್ಟಿನಲ್ಲಿ ಅಂಥ ಮರೆ ಇಲ್ಲ.

ಪ್ರಶ್ನೆ: ನಾನು ವಾಸ್ತುಶಿಲ್ಪದ ವಿದ್ಯಾರ್ಥಿನಿ. ಸ್ಟುಡಿಯೊದ ಸೆಟ್ಟಿಗಿಂತ ನಿಜವಾದ ಸ್ಥಳವೇ ಯಾವಾಗಲೂ ಮೇಲು ಎಂದು ನಮ್ಮ ತರಗತಿಯಲ್ಲಿ ವಾದವಾಯಿತು. ತಮ್ಮ ಅಭಿಪ್ರಾಯವೇನು? (ಓದುಗರು, ಮೈಸೂರು)

ಉತ್ತರ: ಮೂರು ಚಿತ್ರಗಳ ಉದಾಹರಣೆ ಕೊಡುತ್ತೇನೆ, ಮೂರೂ ಬನ್ಸಿಯವರವೇ.

ಮೊದಲನೆಯದು 1956ರ 'ಅಪರಾಜಿತೊ'. ಅದರ ಕಥೆಯ ಒಂದು ಭಾಗ ಕಾಶಿಯಲ್ಲಿ ನಡೆಯುತ್ತದೆ. ಕಾಶಿಯ ಹಳೆಯ ಮನೆಗಳಲ್ಲಿ ನಾಲ್ಕೂ ಕಡೆ ಕೋಣೆಗಳು ಎದ್ದುನಿಂತು ನಡುವೆ ತೆರೆದ ಅಂಗಳವಿರುತ್ತದೆ. ಬೆಳಕು ಮೇಲಿನ ಆಕಾಶದಿಂದ ಮಾತ್ರ ಇಳಿಯುವುದರಿಂದ ಅಲ್ಲಿ ಗಾಢವಾದ ನೆರಳು ಬೀಳುವುದಿಲ್ಲ. ಅಂಥ ಅಂಗಳವೊಂದನ್ನು ಬಯಲಿನಲ್ಲಿ ಕಟ್ಟುವುದು ಬನ್ಸಿಯವರ ಮೂಲ ಯೋಜನೆಯಾಗಿತ್ತು. ಮಳೆಗಾಲದ ಭಯದಿಂದ ಅದನ್ನು ಕೈಬಿಟ್ಟು ಕಲ್ಕತ್ತೆಯ ಸ್ಟುಡಿಯೊದ ಒಳಗೇ ಕಟ್ಟಬೇಕಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರ ಇದನ್ನು ಒಪ್ಪಲಿಲ್ಲ. ಆಕಾಶದಿಂದ ಇಳಿಯುವ ನೆರಳಿಲ್ಲದ ಬೆಳಕನ್ನು ಸ್ಟುಡಿಯೊ ದೀಪಗಳಿಂದ ತರಲು ಸಾಧ್ಯವೇ ಇಲ್ಲವೆಂದು ಬನ್ಸಿ ಮತ್ತು ರೇ ಇಬ್ಬರೊಡನೆಯೂ ವಾದಿಸಿದರು. ವಾದದಲ್ಲಿ ಗೆಲ್ಲದೆ ಹೋದಾಗ, ಸೆಟ್ಟಿನ ನೆತ್ತಿಯ ಮೇಲೆ ಚೌಕಟ್ಟಿಗೆ ಬಿಗಿದ ಬಿಳಿಯ ಬಟ್ಟೆಯನ್ನು ಆಕಾಶದ ತುಂಡಿನಂತೆ ಹರಡಿ, ದೀಪಗಳನ್ನು ಕೆಳಗಿನಿಂದ ಆ ಬಟ್ಟೆಯತ್ತ ತಿರುಗಿಸಿ, ಅಲ್ಲಿಂದ ಮರಳಿ ಬೀಳುವ ಬೆಳಕಿನಲ್ಲಿ ಚಿತ್ರೀಕರಿಸಿದರು. ಬೌನ್ಸ್ ಲೈಟಿಂಗ್ ಎಂದು ಈಗ ಎಲ್ಲರೂ ಕರೆಯುವ ಈ ಕ್ರಮ ಮುಂದೆ ಮಿತ್ರರ ಕೆಲಸದ ಜೀವಾಳವಾಯಿತು. ಗೋಡೆ ಕಟ್ಟಿದವರ ಒಂದು ತೀರ್ಮಾನ ಬೆಳಕು ಕೊಡುವವರ ವಿದ್ಯೆಯನ್ನೇ ಹೊಸ ದಾರಿಗೆ ತಂದ ಇಂಥ ಪ್ರಸಂಗ ಭಾರತೀಯ ಸಿನಿಮಾದಲ್ಲಿ ಅಪೂರ್ವ. ಸೆಟ್ ಮತ್ತು ಬೆಳಕನ್ನು ಬೇರೆ ಬೇರೆ ಇಲಾಖೆಗಳಂತೆ ನೋಡುವ ಅಭ್ಯಾಸವನ್ನು ಬಿಡಿಸಲು ನಿಮ್ಮ ತರಗತಿಯಲ್ಲಿ ಇದನ್ನು ಅವಶ್ಯವಾಗಿ ಹೇಳಿ.

ಎರಡನೆಯದು 1958ರ 'ಜಲಸಾಘರ್'. ಪತನದ ಅಂಚಿನಲ್ಲಿರುವ ಜಮೀನ್ದಾರನ ಮನೆಗಾಗಿ ಹುಡುಕಾಡಿ, ಮುರ್ಶಿದಾಬಾದ್ ಜಿಲ್ಲೆಯ ನಿಮ್ತಿತಾದ ಅರಮನೆಯನ್ನು ಆರಿಸಲಾಯಿತು. ಕಥೆ ಬರೆದ ತಾರಾಶಂಕರ ಬಂದ್ಯೋಪಾಧ್ಯಾಯರು ಇದೇ ನಿಮ್ತಿತಾದ ಜಮೀನ್ದಾರರೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಪಾತ್ರವನ್ನು ಸೃಷ್ಟಿಸಿದ್ದರೆಂಬುದು ರೇ ಅವರಿಗೆ ತಿಳಿದದ್ದು ಆಮೇಲೆ! ಹೊರನೋಟಕ್ಕೆ ಇದಕ್ಕಿಂತ ತಕ್ಕ ಮನೆ ಸಿಗುವಂತಿರಲಿಲ್ಲ. ಆದರೆ ಆ ಅರಮನೆಯ ಸಂಗೀತದ ಕೋಣೆ ಚಿತ್ರಕ್ಕೆ ಬೇಕಾದಷ್ಟು ಭವ್ಯವಾಗಿರಲಿಲ್ಲ. ಕಥೆಯ ಹೃದಯವೇ ಆದ ಆ ಕೋಣೆಯನ್ನು ಬನ್ಸಿ ಸ್ಟುಡಿಯೊದಲ್ಲಿ ಕಟ್ಟಿದರು. ಪೂರ್ವಜರ ಭಾವಚಿತ್ರಗಳು, ದೊಡ್ಡ ಕನ್ನಡಿ, ತೂಗುದೀಪದ ಗೊಂಚಲು ಆ ಕೋಣೆಯಲ್ಲಿ ಬರಿಯ ಅಲಂಕಾರಗಳಲ್ಲ. ಕತ್ತಲಾಗುತ್ತ ಬರುವ ದೀಪಗಳೂ ಚಿತ್ರಪಟದ ಮೇಲೆ ಹರಿಯುವ ಜೇಡವೂ ಕಥೆಯನ್ನು ಮುಂದಕ್ಕೆ ಒಯ್ಯುತ್ತವೆ.

ಮೂರನೆಯದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, 1964ರ 'ಚಾರುಲತಾ'. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಕಲ್ಕತ್ತೆಯ ಸ್ಥಿತಿವಂತರ ಮನೆಯೊಂದರಲ್ಲಿ ಕಥೆ ನಡೆಯುತ್ತದೆ. ಆರಂಭದ ದೃಶ್ಯವನ್ನು ದಯವಿಟ್ಟು ಮತ್ತೊಮ್ಮೆ ನೋಡಿ. ಕರವಸ್ತ್ರಕ್ಕೆ ಕಸೂತಿ ಹಾಕುತ್ತಿದ್ದ ಚಾರು ಅದನ್ನು ಮುಗಿಸಿ, ಪುಸ್ತಕದ ಕಪಾಟನ್ನು ತಡಕಿ, ನಾಟಕ ನೋಡುವ ಪುಟ್ಟ ದುರ್ಬೀನನ್ನು ಹಿಡಿದು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡುತ್ತ ಪಟ್ಟಿಗಳ ಸಂದಿಯಿಂದ ಬೀದಿಯನ್ನು ನೋಡುತ್ತಾಳೆ. ಮಾತು ಬಹುಮಟ್ಟಿಗೆ ಇಲ್ಲ. ಅವಳ ಒಂಟಿತನವನ್ನು ನಮಗೆ ತಿಳಿಸುವುದು ಮನೆ: ಕೋಣೆಯ ಮುಂದೆ ಕೋಣೆ, ಗೋಡೆಯ ಮೇಲಿನ ನಮೂನೆಯ ಕಾಗದ, ಭಾರದ ಪೀಠೋಪಕರಣಗಳು, ಉದ್ದವಾದ ಮೊಗಸಾಲೆ. ಇದನ್ನು ಯಾವುದೋ ಹಳೆಯ ಬಂಗಲೆಯಲ್ಲಿ ಚಿತ್ರೀಕರಿಸಿದ್ದರೆ ಕ್ಯಾಮೆರಾ ಅವಳ ಹಿಂದೆ ಅಷ್ಟು ಸರಾಗವಾಗಿ ಚಲಿಸಲು ಗೋಡೆಗಳು ಬಿಡುತ್ತಿರಲಿಲ್ಲ. ಅವಳ ನಡಿಗೆಯ ಅಳತೆಗೆ ತಕ್ಕಂತೆ ಮನೆಯನ್ನು ಕಟ್ಟಿದ್ದರಿಂದಲೇ ಆ ದೃಶ್ಯ ಸಾಧ್ಯವಾಯಿತು. ಎರಡು ವರ್ಷದ ತರುವಾಯ ಬಂದ 'ನಾಯಕ್' ಚಿತ್ರದ ರೈಲಿನ ಬೋಗಿಯೂ ಬನ್ಸಿ ಸ್ಟುಡಿಯೊದಲ್ಲಿ ಕಟ್ಟಿದ್ದೇ.

ಹಾಗಾಗಿ ನಿಜವಾದ ಸ್ಥಳ ಮೇಲೋ ಸೆಟ್ ಮೇಲೋ ಎಂಬ ಪ್ರಶ್ನೆಯನ್ನು ನಾನು ಹಾಗೆ ಇಡುವುದಿಲ್ಲ. ಪಾತ್ರ ಆ ಜಾಗದಲ್ಲಿ ಹೇಗೆ ನಡೆಯಬೇಕು, ಬೆಳಕು ಎಲ್ಲಿಂದ ಬರಬೇಕು, ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ತೀರ್ಮಾನಿಸಿದರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ. 1987ರ ತಮಿಳಿನ 'ನಾಯಗನ್' ಚಿತ್ರಕ್ಕಾಗಿ ಕಲಾನಿರ್ದೇಶಕ ತೋಟ ತರಣಿ ಮುಂಬಯಿಯ ಧಾರಾವಿಯನ್ನು ಮದರಾಸಿನಲ್ಲಿ ಕಟ್ಟಿ ರಾಷ್ಟ್ರಪ್ರಶಸ್ತಿ ಪಡೆದದ್ದನ್ನೂ ನಿಮ್ಮ ವಾದದಲ್ಲಿ ಸೇರಿಸಿಕೊಳ್ಳಬಹುದು.

ಪ್ರಶ್ನೆ: ಸತ್ಯಜಿತ್ ರೇ ಸ್ವತಃ ಚಿತ್ರಕಾರರು. ಸೆಟ್ಟುಗಳನ್ನೂ ಅವರೇ ಬಿಡಿಸಿಕೊಡುತ್ತಿದ್ದರೆಂದಾದರೆ ಬನ್ಸಿಯವರ ಪಾಲು ಎಷ್ಟು? (ಓದುಗರು, ಧಾರವಾಡ)

ಉತ್ತರ: ಶಾಂತಿನಿಕೇತನದಲ್ಲಿ ಕಲಾಭ್ಯಾಸ ಮಾಡಿದ್ದ ರೇ, ಕೆಂಪು ಬಟ್ಟೆಯ ಹೊದಿಕೆಯ ತಮ್ಮ ಖಾತೆ ಪುಸ್ತಕಗಳಲ್ಲಿ ದೃಶ್ಯಗಳನ್ನೂ ವೇಷಭೂಷಣಗಳನ್ನೂ ಸೆಟ್ಟುಗಳನ್ನೂ ಬಿಡಿಸಿಕೊಳ್ಳುತ್ತಿದ್ದುದು ನಿಜ. ಆದರೆ ರೇಖಾಚಿತ್ರಕ್ಕೂ ನಿಂತ ಗೋಡೆಗೂ ನಡುವೆ ದೊಡ್ಡ ದಾರಿಯಿದೆ. ನೆಲದ ನಕ್ಷೆ, ಗೋಡೆಯ ಎತ್ತರ, ಬಾಗಿಲಿನ ಅಗಲ, ಯಾವ ಗೋಡೆಯನ್ನು ಕ್ಯಾಮೆರಾಕ್ಕಾಗಿ ಬಿಚ್ಚಿ ತೆಗೆಯುವಂತಿರಬೇಕು, ದೀಪ ಕಟ್ಟಲು ಎಲ್ಲಿ ಮೇಲ್ಛಾವಣಿ ಬಿಡಬೇಕು, ಯಾವ ಮರ, ಯಾವ ಗಾರೆ, ಎಷ್ಟು ಖರ್ಚು, ಎಷ್ಟು ದಿನ ಎಂಬ ನೂರು ತೀರ್ಮಾನಗಳು ಕಲಾನಿರ್ದೇಶಕನವು. ಬಡಗಿ, ಗಾರೆಯವರು, ಪೇಂಟರುಗಳಿಂದ ಕೆಲಸ ತೆಗೆಯುವುದೂ ಆತನೇ. ಹೊಸ ಗೋಡೆಗೆ ಹಳೆತನ ಬರಿಸುವ, ಈಗಿನ ಸೆಟ್ ಕೆಲಸಗಾರರು ಏಜಿಂಗ್ ಎನ್ನುವ, ಕೆಲಸವೊಂದನ್ನೇ ತೆಗೆದುಕೊಳ್ಳಿ. ತೆಳು ಬಣ್ಣಗಳನ್ನು ಒಂದರ ಮೇಲೊಂದು ಬಳಿದು, ಕೈ ತಾಗುವಲ್ಲಿ ಉಜ್ಜಿ, ನೀರು ಇಳಿಯುವಲ್ಲಿ ಕಲೆ ಬಿಟ್ಟು, ದೀಪದ ಮೇಲ್ಗಡೆ ಮಸಿ ಹಿಡಿಸಿ ಮಾಡುವ ಆ ಕೆಲಸ ಕಾಗದದ ಮೇಲೆ ಮುಗಿಯುವಂಥದ್ದಲ್ಲ. ಚಿತ್ರ ಬಿಡಿಸಬಲ್ಲ ನಿರ್ದೇಶಕರೊಂದಿಗೆ ದುಡಿಯುವುದು ಸುಲಭವೂ ಅಲ್ಲ. ಏನು ಬೇಕೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ, ಕಡಿಮೆಯಾದದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. 'ಪಥೇರ್ ಪಾಂಚಾಲಿ'ಯಿಂದ 1970ರ 'ಪ್ರತಿದ್ವಂದ್ವಿ'ಯವರೆಗೆ ಆ ಜೊತೆಗಾರಿಕೆ ಉಳಿಯಿತೆಂಬುದೇ ಬನ್ಸಿಯವರ ಪಾಲು ಎಷ್ಟೆಂಬುದನ್ನು ಹೇಳುತ್ತದೆ.

ಪ್ರಶ್ನೆ: ಕಲಾನಿರ್ದೇಶಕ, ಪ್ರೊಡಕ್ಷನ್ ಡಿಸೈನರ್, ಸೆಟ್ ಡೆಕೊರೇಟರ್ ಇವರ ಕೆಲಸಗಳನ್ನು ಹೇಗೆ ಹಂಚಲಾಗುತ್ತದೆ? (ಓದುಗರು, ಮಂಗಳೂರು)

ಉತ್ತರ: ದೊಡ್ಡ ಚಿತ್ರಗಳಲ್ಲಿ ಇಡೀ ಚಿತ್ರದ ದೃಶ್ಯರೂಪವನ್ನು, ಅದರ ಬಣ್ಣಗಳ ಮೇಳವನ್ನೂ ಸೇರಿಸಿ, ನಿರ್ಧರಿಸುವವರು ಪ್ರೊಡಕ್ಷನ್ ಡಿಸೈನರ್. ನಕ್ಷೆ ಮಾಡಿಸಿ ಕಟ್ಟಿಸುವ ಹೊಣೆ ಕಲಾನಿರ್ದೇಶಕರದು. ಕಟ್ಟಿದ ಕೋಣೆಯನ್ನು ಮಂಚ, ಪರದೆ, ದೀಪ, ಪಾತ್ರೆ, ಪುಸ್ತಕಗಳಿಂದ ತುಂಬಿ ಅಲ್ಲೊಬ್ಬರು ವಾಸಿಸುತ್ತಿದ್ದಾರೆಂದು ಅನ್ನಿಸುವಂತೆ ಮಾಡುವವರು ಸೆಟ್ ಡೆಕೊರೇಟರ್. 1939ರ 'ಗಾನ್ ವಿತ್ ದ ವಿಂಡ್' ಚಿತ್ರದಲ್ಲಿ ವಿಲಿಯಂ ಕ್ಯಾಮೆರಾನ್ ಮೆಂಝೀಸರ ಕೆಲಸವನ್ನು ಗುರುತಿಸಲು ಪ್ರೊಡಕ್ಷನ್ ಡಿಸೈನರ್ ಎಂಬ ಪದವಿ ಬಳಕೆಗೆ ಬಂದು ಹಾಲಿವುಡ್‌ನಲ್ಲಿ ನೆಲೆಯೂರಿತು. ಅಲ್ಲಿನ ಆಸ್ಕರ್ ಪ್ರಶಸ್ತಿಯನ್ನು ವಿನ್ಯಾಸಕರಿಗೂ ಸೆಟ್ ಡೆಕೊರೇಟರಿಗೂ ಒಟ್ಟಿಗೆ ಕೊಡುವುದು ನ್ಯಾಯವಾದ ಕ್ರಮ. 1982ರ 'ಗಾಂಧಿ' ಚಿತ್ರದ ಆಸ್ಕರ್ ಪಡೆದವರಲ್ಲಿ ಅದರ ಸೆಟ್ ಡೆಕೊರೇಟರ್ ಮೈಕೆಲ್ ಸೈರ್ಟನ್ ಕೂಡ ಇದ್ದರು. ನಮ್ಮಲ್ಲಿ ಬಹುಕಾಲ ಈ ಮೂರೂ ಕೆಲಸಗಳನ್ನು ಒಬ್ಬರೇ ಹೊತ್ತರು, ತೆರೆಯ ಮೇಲೆ ಬರುತ್ತಿದ್ದುದು ಕಲಾನಿರ್ದೇಶನ ಎಂಬ ಒಂದೇ ಸಾಲು. ಬನ್ಸಿಯವರನ್ನೂ ಆ ಒಂದೇ ಸಾಲಿನಲ್ಲಿ ಹುಡುಕಬೇಕು.

ಪ್ರಶ್ನೆ: ಹಿಂದಿ ಚಿತ್ರರಂಗದಲ್ಲಿ ಅವರಿಗೆ ಮನ್ನಣೆ ಸಿಕ್ಕಿತೇ? (ಓದುಗರು, ಬೆಂಗಳೂರು)

ಉತ್ತರ: ಸಿಕ್ಕಿತು. 1970ರ ದಶಕದ ಆರಂಭದಲ್ಲಿ ಅವರು ಮುಂಬಯಿಗೆ ಹೋದರು. 'ಸೀಮಾ' ಮತ್ತು 'ದೋ ಝೂಟ್' ಎಂಬ ಹಿಂದಿ ಚಿತ್ರಗಳಿಗೆ ಫಿಲಂಫೇರ್ ಪ್ರಶಸ್ತಿ ಬಂತು. ಅದೇ ಸಮಯದಲ್ಲಿ ಕುಮಾರ್ ಶಹಾನಿಯವರ 'ಮಾಯಾ ದರ್ಪಣ್', ಅವತಾರ್ ಕೌಲ್ ಅವರ '27 ಡೌನ್' ಮುಂತಾದ ಹೊಸ ಅಲೆಯ ಚಿತ್ರಗಳಿಗೂ ದುಡಿದರು. 1977ರಲ್ಲಿ 'ಶತರಂಜ್ ಕೆ ಖಿಲಾಡಿ'ಗಾಗಿ ರೇ ಮತ್ತೆ ಅವರನ್ನೇ ಕರೆದರು. 1856ರ ಲಖನೌ ನಗರದ ನವಾಬಿ ಬದುಕನ್ನು ಕಟ್ಟಿಕೊಡುವ ಆ ಕೆಲಸದ ಅನುಭವವೇ 1981ರ 'ಉಮ್ರಾವ್ ಜಾನ್'ಗೂ ಒದಗಿರಬೇಕೆಂದು ನನಗೆ ತೋರುತ್ತದೆ. ಅದೇ ವರ್ಷದ '36 ಚೌರಂಘಿ ಲೇನ್'ನಲ್ಲಿ ವೃದ್ಧ ಆಂಗ್ಲೋ ಇಂಡಿಯನ್ ಶಿಕ್ಷಕಿಯ ಪುಟ್ಟ ಮನೆಯನ್ನು ನೋಡಿ: ನವಾಬನ ಮಹಲನ್ನೂ ಈ ಒಂಟಿ ಹೆಂಗಸಿನ ಕೋಣೆಯನ್ನೂ ಒಬ್ಬರೇ ರೂಪಿಸಿದರೆಂದು ನಂಬುವುದು ಕಷ್ಟ.

1981ರ ಜೂನ್ 27ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ಅರವತ್ತು ಕೂಡ ತುಂಬಿರಲಿಲ್ಲ. 'ಚಕ್ರ' ಚಿತ್ರಕ್ಕಾಗಿ ಬಂದ ಮೂರನೆಯ ಫಿಲಂಫೇರ್ ಪ್ರಶಸ್ತಿ ಅವರ ಮರಣಾನಂತರದ್ದು. ಪ್ರಶಸ್ತಿಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಚಿತ್ರೀಕರಣ ಮುಗಿದ ಮೇಲೆ ಸೆಟ್ಟನ್ನು ಒಡೆದು, ಮರವನ್ನು ಮುಂದಿನ ಸೆಟ್ಟಿಗೆ ಸಾಗಿಸುವುದು ಎಲ್ಲ ಸ್ಟುಡಿಯೊಗಳ ರೂಢಿ. ಉಳಿಯಬಹುದಾದದ್ದು ನಕ್ಷೆಗಳು, ಮಾದರಿಗಳು, ಸೆಟ್ಟಿನ ಛಾಯಾಚಿತ್ರಗಳು ಮಾತ್ರ. ಅವನ್ನು ಕಾಪಿಡುವ ವ್ಯವಸ್ಥೆ ನಮ್ಮ ಚಿತ್ರರಂಗಗಳಲ್ಲಿ ಬಲವಾಗಿ ಬೆಳೆಯಲೇ ಇಲ್ಲ, ಕನ್ನಡದಲ್ಲಂತೂ ಇನ್ನೂ ಕಡಿಮೆ. ಹಳೆಯ ಕಲಾನಿರ್ದೇಶಕರ ಕುಟುಂಬಗಳಲ್ಲಿ ಅಂಥ ಕಾಗದಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಪ್ರಶ್ನೆ: ಕನ್ನಡ ಚಿತ್ರಗಳಲ್ಲಿ ಇದೇ ಬಗೆಯ ಎಚ್ಚರದಿಂದ ದುಡಿದವರು ಯಾರು? (ಓದುಗರು, ಕಲಬುರಗಿ)

ಉತ್ತರ: ಮೊದಲು ನೆನಪಾಗುವವರು ಪಿ. ಕೃಷ್ಣಮೂರ್ತಿ. ತಮಿಳುನಾಡಿನ ಪೂಂಪುಹಾರ್‌ನವರಾದ ಅವರು ಮದರಾಸಿನ ಕಲಾಶಾಲೆಯಲ್ಲಿ ಕಲಿತು, ಕಲಾನಿರ್ದೇಶಕರಾಗಿ ಕಾಲಿಟ್ಟದ್ದು ಕನ್ನಡ ಚಿತ್ರದಿಂದ: ಜಿ. ವಿ. ಅಯ್ಯರ್ ಅವರ 1975ರ 'ಹಂಸಗೀತೆ'. ಅಯ್ಯರ್ ಅವರ 'ಮಧ್ವಾಚಾರ್ಯ'ದ ಕಲಾನಿರ್ದೇಶನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮುಂದೆ ಮಲಯಾಳಂನ 'ಒರು ವಡಕ್ಕನ್ ವೀರಗಾಥಾ', ತಮಿಳಿನ 'ಭಾರತಿ' ಚಿತ್ರಗಳು ಅವರಿಗೆ ಕಲಾನಿರ್ದೇಶನದ ಜೊತೆಗೆ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿಗಳನ್ನೂ ತಂದವು. 2020ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಚಾರಿತ್ರಿಕ ಚಿತ್ರವೆಂದರೆ ಥರ್ಮಾಕೋಲಿನ ಕಂಬಗಳು ಮತ್ತು ಜರಿಯ ಪರದೆಗಳೆಂದು ನಂಬಿದ್ದ ದಿನಗಳಲ್ಲಿ ಮಣ್ಣು, ಕಲ್ಲು, ಮರಗಳ ಸಹಜ ಬಣ್ಣವನ್ನು ನೆಚ್ಚಿದವರ ಸಾಲಿನಲ್ಲಿ ಅವರಿಗೆ ದೊಡ್ಡ ಸ್ಥಾನವಿದೆ. ಬನ್ಸಿಯವರಂತೆ ಇವರೂ ಹೊರಗಿನಿಂದ ಬಂದು ಇನ್ನೊಂದು ನಾಡಿನ ಮನೆಮಠಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವರು.

ಕಿರುತೆರೆಯಲ್ಲಿ, ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಜಾನ್ ದೇವರಾಜ್ ಮಾಡಿದ ಕಲಾನಿರ್ದೇಶನವನ್ನು ಮರೆಯಲಾಗದು. ಆರ್. ಕೆ. ನಾರಾಯಣ್ ಅವರ ಕಲ್ಪನೆಯಲ್ಲಿ ಮಾತ್ರ ಇದ್ದ ಊರಿಗೆ ಆಗುಂಬೆಯ ಮಳೆಯಲ್ಲಿ ಬೀದಿ, ಅಂಗಡಿ, ನಾಮಫಲಕಗಳು ಸಿಕ್ಕವು. ನೋಡಿದವರಿಗೆ ಅದು ಎಂದಿನಿಂದಲೋ ಇದ್ದ ಊರೆನ್ನಿಸಿತು.

ಪ್ರಶ್ನೆ: ನನ್ನ ಮಗಳು ಪಿಯುಸಿಯಲ್ಲಿದ್ದಾಳೆ, ಕಲಾನಿರ್ದೇಶನ ಕಲಿಯಬೇಕೆನ್ನುತ್ತಾಳೆ. ಯಾವ ದಾರಿ ಹಿಡಿಯಬೇಕು? (ಓದುಗರು, ಶಿರಸಿ)

ಉತ್ತರ: ಮೊದಲು ದೃಶ್ಯಕಲೆಯಲ್ಲಿಯೋ ವಾಸ್ತುಶಿಲ್ಪದಲ್ಲಿಯೋ ಪದವಿ ಮಾಡಲಿ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ಹತ್ತಿರದವು. ಪದವಿಯ ನಂತರ ಪುಣೆಯ ಫಿಲಂ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಾನಿರ್ದೇಶನ ಮತ್ತು ಪ್ರೊಡಕ್ಷನ್ ಡಿಸೈನ್ ಸ್ನಾತಕೋತ್ತರ ತರಬೇತಿಗೆ ಪ್ರವೇಶಪರೀಕ್ಷೆ ಬರೆಯಬಹುದು. ನಿಮ್ಮ ಊರಿನಿಂದ ದೂರವಿಲ್ಲದ ಹೆಗ್ಗೋಡಿನ ನೀನಾಸಂನ ಒಂದು ವರ್ಷದ ರಂಗಶಿಕ್ಷಣವನ್ನೂ ನಾನು ಸೂಚಿಸುತ್ತೇನೆ. ಕಡಿಮೆ ಹಣದಲ್ಲಿ, ಕೈಗೆ ಸಿಕ್ಕಿದ ವಸ್ತುಗಳಿಂದ ಜಾಗವನ್ನು ಕಟ್ಟುವುದನ್ನು ರಂಗಭೂಮಿಯಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ.

ಈಗಿನಿಂದಲೇ ಆಕೆ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಸೀಮೆಯ ಹಳೆಯ ಮನೆಗಳ ಜಗಲಿ, ಅಡುಗೆಮನೆ, ಬಚ್ಚಲುಮನೆ, ದೇವರ ಕೋಣೆಗಳನ್ನು ಅಳತೆ ಸಹಿತ ಬಿಡಿಸಿಟ್ಟುಕೊಳ್ಳಲಿ; ಯಾವ ವಸ್ತು ಎಲ್ಲಿರುತ್ತದೆ, ಯಾರು ಅದನ್ನು ಬಳಸುತ್ತಾರೆ, ಬೆಳಗಿನ ಬೆಳಕು ಯಾವ ಕಿಟಕಿಯಿಂದ ಬರುತ್ತದೆ ಎಂಬುದನ್ನು ಪಕ್ಕದಲ್ಲಿ ಬರೆದಿಡಲಿ. ಪ್ರವೇಶದ ಸಂದರ್ಶನದಲ್ಲಿ ತೋರಿಸಲು ಇಂಥ ಪುಸ್ತಕ ಪ್ರಯೋಜನಕ್ಕೆ ಬರುತ್ತದೆ. ಮುಂದೊಂದು ದಿನ ಮಲೆನಾಡಿನ ಮನೆಯ ಸೆಟ್ ಹಾಕುವ ಸಂದರ್ಭ ಬಂದಾಗ ಅವಳು ಮೊದಲು ತೆರೆಯಬೇಕಾಗಿ ಬರುವುದೂ ಅದನ್ನೇ.